ಮುಳಗುಂದದ ಕಥೆಗಾರ

ಸಿರಿವಂತಿಕೆಯ ಪೊಳ್ಳು ಆಡಂಬರ ಬಿಚ್ಚಿಟ್ಟ ಕಾದಂಬರಿ ಎಂದೊಡನೆ ನೆನಪಾಗುವುದು 1925ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’. ಆದರೆ ಗದಗ ತಾಲ್ಲೂಕಿನ ಮುಳಗುಂದದ ಜೈನಮುನಿ ನಯಸೇನ ಸುಮಾರು 1112ರಲ್ಲಿ ದುರಾಸೆಯನ್ನು ಕಥೆಯಾಗಿಸಿದ್ದ. ಅವನ ‘ಧರ್ಮಾಮೃತ’ ಕಾದಂಬರಿಯಲ್ಲ, ಗದ್ಯ-ಪದ್ಯ ಬೆರೆತ ಚಂಪೂ ಕಾವ್ಯ. 14 ಆಶ್ವಾಸಗಳಲ್ಲಿ 14 ಕಥೆ. ಸರಿಯಾದ ಶ್ರದ್ಧೆಯಾದ ಸಮ್ಯಗ್ದರ್ಶನಕ್ಕೆ ಒಂದು, ಅದರ ಅಂಗಗಳಿಗೆ ಎಂಟು, ಗೃಹಸ್ಥರ ಕಿರುವ್ರತಗಳಾದ ಅಣುವ್ರತಗಳಿಗೆ ಐದು.

ಕೊನೆಯ ಅಣುವ್ರತವೇ ಅಪರಿಗ್ರಹ. ಗೃಹಸ್ಥ ಗಳಿಸಬಾರದೆಂದಲ್ಲ, ಇಷ್ಟೇ ಸಾಕೆಂದು ತಾನೇ ಗೆರೆ ಎಳೆದುಕೊಳ್ಳಬೇಕು. ನಯಸೇನನ ಕಥೆಯೊಂದರ ವಸುಭೂತಿಯಂತೂ ಲಾಭದಾಸೆಗೆ ದೀಕ್ಷೆಯನ್ನೇ ತೊಡುತ್ತಾನೆ! ಉಪದೇಶ ಹೇಳಲು ಹೊರಟ ಮುನಿಗೆ ನಗಿಸುವ ಕಲೆಯೂ ಚೆನ್ನಾಗಿ ಗೊತ್ತಿತ್ತು. ಗಾದೆ, ಹೋಲಿಕೆಗಳನ್ನಂತೂ ಅವನು ಸಾಲುಸಾಲಾಗಿ ಸುರಿಯುತ್ತಾನೆ, ಕೆಲವೊಮ್ಮೆ ಅತಿಯಾಗಿಯೇ. ಸಂಸ್ಕೃತದ ಭಾರವಿಲ್ಲದ ಕನ್ನಡದಲ್ಲಿ ಬರೆಯಬೇಕೆಂಬುದು ಅವನ ಹಟವಾಗಿತ್ತು.