ಇತಿಹಾಸದ ಪಿರಿಯಡ್, ಭೂಗೋಳದ ಕಲ್ಲು

ಹೈಸ್ಕೂಲಿನಲ್ಲಿ ಹಳೆ ಶಿಲಾಯುಗ ಇತಿಹಾಸದ ಪಾಠ, ಧಾರವಾಡ ಶಿಲೆ ಭೂಗೋಳದ ಪಾಠ. ಒಂದರಲ್ಲಿ ಮಕ್ಕಳು ಕೈಕೊಡಲಿಯ ಚಿತ್ರ ಬರೆಯುತ್ತಾರೆ, ಇನ್ನೊಂದರಲ್ಲಿ ಕಬ್ಬಿಣ, ಮ್ಯಾಂಗನೀಸ್, ಚಿನ್ನ ಎಂದು ಬಾಯಿಪಾಠ ಮಾಡುತ್ತಾರೆ. ಎರಡೂ ಪಾಠಗಳ ಮೂಲದಲ್ಲಿರುವುದು ಒಬ್ಬನೇ ಮನುಷ್ಯನ ತಿರುಗಾಟ. ಅದನ್ನು ತರಗತಿಯಲ್ಲಿ ಹೇಳುವವರು ಕಡಿಮೆ.

ಇಂಗ್ಲೆಂಡಿನ ರಾಬರ್ಟ್ ಬ್ರೂಸ್ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ಅವರ ಕೆಲಸ ಕಲ್ಲು ನೋಡುವುದು, ನಕ್ಷೆ ಬರೆಯುವುದು. 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಜಂಬಿಟ್ಟಿಗೆ ಕಲ್ಲಿನ ಜಲ್ಲಿ ಅಗೆದ ಗುಂಡಿಯಲ್ಲಿ, ಎರಡೂ ಮೈಯಿಂದ ಚಕ್ಕೆ ಎಬ್ಬಿಸಿ ಅಂಚು ಹರಿತ ಮಾಡಿದ ಕಲ್ಲೊಂದು ಅವರ ಕೈಗೆ ಸಿಕ್ಕಿತು. ಪ್ರಾಚೀನ ಮಾನವ ಮಾಡಿದ ಕಲ್ಲಿನ ಆಯುಧಗಳು ಫ್ರಾನ್ಸಿನಲ್ಲಿ ಸಿಕ್ಕಿವೆ ಎಂಬುದನ್ನು ಯುರೋಪಿನ ವಿದ್ವಾಂಸರು ಒಪ್ಪಿ ಆಗಿನ್ನೂ ನಾಲ್ಕೇ ವರ್ಷ. ಕೆಲವೇ ತಿಂಗಳಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಹೋದ ಫೂಟ್‌ಗೆ ಅತ್ತಿರಂಪಾಕ್ಕಂನಲ್ಲೂ ಅಂಥವೇ ಸಿಕ್ಕವು. ಅಲ್ಲಿನ ಅತಿ ಹಳೆಯ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷ ಎಂದು ಪುರಾತತ್ವಜ್ಞೆ ಶಾಂತಿ ಪಪ್ಪು ಮತ್ತು ಸಂಗಡಿಗರು 2011ರಲ್ಲಿ ತೋರಿಸಿಕೊಟ್ಟರು.

ಪಲ್ಲಾವರಂನ ಆ ಕೈಕೊಡಲಿ ಭೂವಿಜ್ಞಾನಿಯ ಕಣ್ಣಿಗೇ ಬಿದ್ದದ್ದು ಆಕಸ್ಮಿಕವಲ್ಲ ಎಂದೇ ನನ್ನ ನಂಬಿಕೆ. ಅದು ಕ್ವಾರ್ಟ್ಜೈಟ್ ಕಲ್ಲಿನದು. ಯಾವ ಕಲ್ಲು ಹೇಗೆ ಒಡೆಯುತ್ತದೆ, ನೀರಲ್ಲಿ ಉರುಳಿದ ಕಲ್ಲಿಗೂ ಕೈ ಸೋಕಿದ ಕಲ್ಲಿಗೂ ಏನು ವ್ಯತ್ಯಾಸ ಎಂದು ಬಲ್ಲವರಿಗಷ್ಟೇ ಜಲ್ಲಿಯ ರಾಶಿಯಲ್ಲಿ ಮನುಷ್ಯ ಕಾಣುತ್ತಾನೆ.

ಭೂಗೋಳದ ಪಾಠಕ್ಕೆ ಅವರು ಕೊಟ್ಟದ್ದು 1880ರ ದಶಕದಲ್ಲಿ. ದಕ್ಷಿಣದ ನೈಸ್ ಶಿಲೆಯ ನಡುವೆ ಪಟ್ಟಿಪಟ್ಟಿಯಾಗಿ ಹಾದುಹೋಗುವ ಪದರಗಲ್ಲುಗಳನ್ನು ಬೇರೆಯೇ ಗುಂಪೆಂದು ಗುರುತಿಸಿ, ಅದಕ್ಕೆ ಧಾರವಾಡದ ಹೆಸರಿಟ್ಟರು. ಕೋಲಾರ, ಹಟ್ಟಿಯ ಚಿನ್ನ, ಸಂಡೂರಿನ ಅದಿರು ಎಲ್ಲವೂ ಈ ಪಟ್ಟಿಗಳಲ್ಲೇ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಹೊಣೆ ಹೊತ್ತವರೂ ಅವರೇ.

ಇತಿಹಾಸವೂ ಭೂಗೋಳವೂ ಒಂದೇ ಗುಡ್ಡದಲ್ಲಿ ಕೂಡುವುದನ್ನು ನೋಡಬೇಕಾದರೆ ಬಳ್ಳಾರಿ ಪಕ್ಕದ ಸಂಗನಕಲ್ಲಿಗೆ ಹೋಗಬೇಕು. ಅಲ್ಲಿನ ಹಿರೇಗುಡ್ಡದ ಗ್ರಾನೈಟ್ ಸೀಳಿಕೊಂಡು ಡಾಲರೈಟ್ ಎಂಬ ಕಪ್ಪು ಕಲ್ಲಿನ ಗೋಡೆಯೊಂದು ಮೇಲೆದ್ದಿದೆ. ನವಶಿಲಾಯುಗದ ಜನ ಆ ಕಲ್ಲನ್ನೇ ಒಡೆದು ಕೊಡಲಿ ಮಾಡಿದರು. ಚಕ್ಕೆಗಳು ಇಂದಿಗೂ ಕಾಲಿಗೆ ತಾಗುತ್ತವೆ. ಬಂಡೆಯ ಮೇಲೆ ಕೊಡಲಿ ಉಜ್ಜಿ ಉಜ್ಜಿ ಬಿದ್ದ ಉದ್ದನೆಯ ತೋಡುಗಳಲ್ಲಿ ಬೆರಳಾಡಿಸಿದರೆ ನುಣುಪು ತಿಳಿಯುತ್ತದೆ. ಇದು ಕೊಡಲಿಯ ಕಾರ್ಖಾನೆ ಎಂದು ಫೂಟ್ ಗುರುತಿಸಿದ್ದರು.

ಆ ಸೀಮೆಯ ಬೂದಿದಿಬ್ಬಗಳೂ ಅವರ ಗಮನಕ್ಕೆ ಬಂದವು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಇಂಥ ದಿಬ್ಬಗಳು ದನದ ದೊಡ್ಡಿಯ ಸಗಣಿ ಸುಟ್ಟು ಆದವು ಎಂದು ಫೂಟ್ ಊಹಿಸಿದ್ದರು. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಉತ್ನೂರಿನ ಇಂಥದೇ ದಿಬ್ಬವನ್ನು ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತೇ ಸಿಕ್ಕಿತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನ, ದಿಬ್ಬದ ಪಕ್ಕದಲ್ಲೇ ಜನ ಬಾಳಿದ ಊರನ್ನೂ ತೋರಿಸಿತು.

ಫೂಟ್ ತಾವು ಕೂಡಿಟ್ಟದ್ದನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂಗೆ ಮಾರಿದರು. 1912ರಲ್ಲಿ ತೀರಿಕೊಂಡರು. ಈಗ ಬಳ್ಳಾರಿ ನಗರದಲ್ಲೇ ಅವರ ಹೆಸರಿನ ಮ್ಯೂಸಿಯಂ ಇದೆ, ಸಂಗನಕಲ್ಲಿನ ಕೊಡಲಿಗಳು ಅಲ್ಲಿವೆ. ಆದರೆ ಆ ಗುಡ್ಡಗಳಿಗೆ ಕಲ್ಲುಗಣಿಗಾರಿಕೆಯ ಏಟು ಬಿದ್ದಾಗಿದೆ. ಬಳ್ಳಾರಿಯ ಮೇಷ್ಟ್ರುಗಳು ಇತಿಹಾಸ, ಭೂಗೋಳದ ಎರಡೂ ಪಿರಿಯಡ್ ಸೇರಿಸಿ ಮಕ್ಕಳನ್ನು ಒಮ್ಮೆ ಹಿರೇಗುಡ್ಡ ಹತ್ತಿಸಲಿ, ಉಳಿದಿರುವಾಗಲೇ.