ಕೊಳಾಯಿಯ ಕೂಡಿಕೆ

ಮನೆಯನ್ನು ಕಟ್ಟಿಸುವ ಗೃಹಸ್ಥನು ಇಟ್ಟಿಗೆ, ಮರ, ಕಬ್ಬಿಣಗಳನ್ನು ತಾನೇ ನಿಂತು ಪರೀಕ್ಷಿಸುವನು. ಗೋಡೆಯೊಳಗೆ ಹುದುಗಿಹೋಗುವ ಕೊಳಾಯಿಯ ಕೂಡಿಕೆಗಳನ್ನು ಮಾತ್ರ ಕೆಲಸಗಾರನ ಇಚ್ಛೆಗೆ ಬಿಟ್ಟುಬಿಡುವನು. ಗಾರೆ ಬಳಿದು ಬಣ್ಣ ಹಚ್ಚಿದ ಮೇಲೆ ಗೋಡೆಯಲ್ಲಿ ಪಸೆ ಕಾಣಿಸಿಕೊಂಡರೆ, ಒಂದು ಚಿಕ್ಕ ಎಲ್ಬೋವಿಗಾಗಿ ಗೋಡೆಯನ್ನೇ ಒಡೆಯಬೇಕಾಗುವುದು. ಆದುದರಿಂದ ಈ ಕೂಡಿಕೆಗಳಿಗೆ ಬಲವು ಎಲ್ಲಿಂದ ಬರುವುದು, ಅದು ಏಕೆ ಕೆಡುವುದು ಎಂಬುದನ್ನು ಅರಿತಿರುವುದು ಹಿತಕರವೆಂದು ನಾವು ಭಾವಿಸುತ್ತೇವೆ.

ಈಗ ಮನೆಗಳಲ್ಲಿ ತಣ್ಣೀರಿಗೆ ಪಿ.ವಿ.ಸಿ., ಬಿಸಿನೀರಿಗೆ ಸಿ.ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಕೊಳವೆಗಳು ಹೇರಳವಾಗಿ ಬಳಕೆಯಲ್ಲಿವೆ. ಇವುಗಳನ್ನು ಜೋಡಿಸುವ ದ್ರವಕ್ಕೆ ಸಾಲ್ವೆಂಟ್ ಸಿಮೆಂಟು ಎಂದು ಹೆಸರು. ಇದನ್ನು ಗೋಂದಿನಂತಹ ಅಂಟೆಂದು ಅನೇಕರು ತಿಳಿದಿರುವರು, ಅದು ಸರಿಯಲ್ಲ. ಗೋಂದು ಎರಡು ಕಾಗದಗಳ ನಡುವೆ ಮೂರನೆಯ ಪದಾರ್ಥವಾಗಿ ಉಳಿಯುವುದು. ಈ ದ್ರವದಲ್ಲಿಯಾದರೋ ಟೆಟ್ರಾಹೈಡ್ರೋಫ್ಯೂರಾನ್, ಸೈಕ್ಲೋಹೆಕ್ಸನೋನ್ ಮೊದಲಾದ ದ್ರಾವಕಗಳೂ, ಅವುಗಳಲ್ಲಿ ಕರಗಿದ ಅದೇ ಜಾತಿಯ ಪ್ಲಾಸ್ಟಿಕ್ಕೂ ಇರುವುವು. ಬಳಿದೊಡನೆ ಕೊಳವೆಯ ಹೊರಮೈಯೂ ಎಲ್ಬೋವಿನ ಒಳಮೈಯೂ ಮೆತ್ತಗಾಗುವುವು. ಒತ್ತಿ ಸೇರಿಸಿದಾಗ ಎರಡರ ಅಣುಸರಪಳಿಗಳೂ ಒಂದರೊಳಗೊಂದು ಹೆಣೆದುಕೊಳ್ಳುವುವು. ದ್ರಾವಕವು ಕ್ರಮೇಣ ಆವಿಯಾಗಿ ಹೋದ ಮೇಲೆ ಎರಡು ಮೈಗಳೂ ಒಂದಾಗುವುವು. ಮಳೆಗಾಲದಲ್ಲಿ ಡಬ್ಬಿಯೊಳಗಿನ ಬೆಲ್ಲದ ಉಂಡೆಗಳು ಪಸೆಯಾಡಿ ಸೇರಿಕೊಂಡು, ಒಣಗಿದ ಮೇಲೆ ಒಂದೇ ಮುದ್ದೆಯಾಗುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಇದೂ ಅಂತಹುದೇ. ಪಾಲಿಥೀನ್ ಕೊಳವೆಯು ಈ ದ್ರಾವಕಗಳಲ್ಲಿ ಕರಗದು. ಆದಕಾರಣ ಅದನ್ನು ಈ ರೀತಿಯಲ್ಲಿ ಕೂಡಿಸಲಾಗದು.

ಈ ಬೆಸುಗೆಯ ಬಲವೆಷ್ಟು? ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆಯು ಪಿ.ವಿ.ಸಿ. ಸಿಮೆಂಟಿಗೆ ಡಿ 2564 ಎಂಬ ಪ್ರಮಾಣವನ್ನು ಗೊತ್ತುಮಾಡಿದೆ. ಅದರಂತೆ, ಕೂಡಿಸಿದ ತುಂಡುಗಳನ್ನು ಒಂದರ ಮೇಲಿಂದ ಒಂದು ಜಾರುವಂತೆ ಎಳೆದರೆ, ಬೆಸುಗೆಯು 2 ಗಂಟೆಗಳ ತರುವಾಯ ಚದರ ಅಂಗುಲಕ್ಕೆ 250 ಪೌಂಡು, 16 ಗಂಟೆಗಳ ತರುವಾಯ 500 ಪೌಂಡು, 72 ಗಂಟೆಗಳ ತರುವಾಯ 900 ಪೌಂಡುಗಳನ್ನಾದರೂ ತಾಳಬೇಕು. ಸಿಮೆಂಟು ಅದೇ, ಕಾಲವು ಕಳೆದಂತೆ ಬಲವು ಮೂರೂವರೆ ಪಟ್ಟಿಗಿಂತ ಹೆಚ್ಚಾಗುವುದು.

ಇದನ್ನು ನಮ್ಮ ಮನೆಗಳ ಲೆಕ್ಕಕ್ಕೆ ತಂದು ನೋಡೋಣ. 25 ಮಿಲಿಮೀಟರು ದಪ್ಪದ ಕೊಳವೆಯು ಎಲ್ಬೋವಿನ ಬಾಯೊಳಕ್ಕೆ 19 ಮಿಲಿಮೀಟರು ಇಳಿದರೆ, ಬೆಸೆಯುವ ಮೈಯು ಸುಮಾರು 15 ಚದರ ಸೆಂಟಿಮೀಟರು. ಅದೆಲ್ಲವೂ ಚೆನ್ನಾಗಿ ಬೆಸೆದಿದ್ದರೆ, ಮೇಲಿನ ಪ್ರಮಾಣದಂತೆ 2 ಗಂಟೆಗಳಲ್ಲಿ ಸುಮಾರು 260 ಕಿಲೋಗ್ರಾಂ, 72 ಗಂಟೆಗಳಲ್ಲಿ 900 ಕಿಲೋಗ್ರಾಮಿಗೆ ಮೀರಿದ ಎಳೆತವನ್ನು ತಾಳಬೇಕು. ನಲ್ಲಿಗಿಂತ 10 ಮೀಟರು ಎತ್ತರದಲ್ಲಿರುವ ತೊಟ್ಟಿಯ ನೀರು ಆ ಕೂಡಿಕೆಯನ್ನು ಕಳಚುವಂತೆ ತಳ್ಳುವುದು ಸುಮಾರು 5 ಕಿಲೋಗ್ರಾಂ ಮಾತ್ರ!

ಹಾಗಾದರೆ ಸೋರುವುದೇಕೆ? ಮೈಯೆಲ್ಲವೂ ಬೆಸೆಯದಿರುವುದೇ ಕಾರಣ. ಧೂಳು, ಜಿಡ್ಡು, ನೀರಿನ ತೇವಗಳಿದ್ದ ಕಡೆ ದ್ರಾವಕವು ಪ್ಲಾಸ್ಟಿಕ್ಕನ್ನು ಸರಿಯಾಗಿ ಮುಟ್ಟಲಾರದು. ಕೊಳವೆಯನ್ನು ಓರೆಯಾಗಿ ಕೊಯ್ದರೆ ಬೆಸೆಯುವ ಮೈಯು ಕಡಿಮೆಯಾಗುವುದು. ಕೊಯ್ದ ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆಯದಿದ್ದರೆ ಅವು ಬಳಿದ ಸಿಮೆಂಟನ್ನು ಕೆರೆದುಕೊಂಡು ಹೋಗುವುವು. ಹೆಚ್ಚು ಬಳಿದರೆ ಹೆಚ್ಚು ಬಲವೆಂಬುದೂ ಭ್ರಮೆಯೇ. ಒಳಗೆ ಮಡುಗಟ್ಟಿದ ಸಿಮೆಂಟು ಬೇಗನೆ ಆರದೆ ಕೊಳವೆಯ ಗೋಡೆಯನ್ನೇ ಮೆತ್ತಗೆ ಮಾಡುವುದು. ಡಬ್ಬಿಯಲ್ಲಿ ಗಟ್ಟಿಯಾಗಿ ಮುದ್ದೆಗಟ್ಟಿದ ಸಿಮೆಂಟನ್ನು ಬಿಸಾಡುವುದೇ ಲೇಸು. ಸಿ.ಪಿ.ವಿ.ಸಿ.ಗೆ ಅದರದೇ ಸಿಮೆಂಟು ಬೇಕು.

ಒಳ್ಳೆಯ ಕೆಲಸದ ಗುರುತುಗಳು ಕೆಲವೇ. ಸಿಮೆಂಟಿಲ್ಲದೆ ಹೊಂದಿಸಿ ನೋಡಿದಾಗ ಕೊಳವೆಯು ಎಲ್ಬೋವಿನ ಬಾಯೊಳಕ್ಕೆ ಸ್ವಲ್ಪ ದೂರ ಸುಲಭವಾಗಿ ಇಳಿದು, ತಳ ಮುಟ್ಟುವ ಮೊದಲೇ ಬಿಗಿಯಾಗಬೇಕು, ಲೊಡಲೊಡನೆ ಅಲ್ಲಾಡಬಾರದು. ಎರಡು ಮೈಗಳಿಗೂ ಬಳಿದು, ಹಸಿಯಿರುವಾಗಲೇ ತಳ ಮುಟ್ಟುವವರೆಗೆ ಒತ್ತಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷವಾದರೂ ಅದುಮಿ ಹಿಡಿಯಬೇಕು. ಸುತ್ತಲೂ ಸಣ್ಣ ಏರಿಯಂತೆ ಸಿಮೆಂಟು ಹೊರಬಂದಿದ್ದರೆ ಒಳಗೆ ಸಾಕಷ್ಟು ಇದೆಯೆಂದು ತಿಳಿಯಬಹುದು. ಇದರ ಆವಿಯು ಬೆಂಕಿಗೆ ಬಹು ಬೇಗ ಹೊತ್ತಿಕೊಳ್ಳುವುದಾದುದರಿಂದ ಕಿಟಕಿ ಬಾಗಿಲುಗಳು ತೆರೆದಿರಲಿ. ಬೀಡಿ, ದೀಪಗಳು ಹತ್ತಿರ ಸುಳಿಯದಿರಲಿ.

ಕೊನೆಯದಾಗಿ ಕಾಲದ ಮಾತು. ಕೂಡಿಕೆಯು ಕೆಲವು ನಿಮಿಷಗಳಲ್ಲಿ ಕೈಗೆ ಗಟ್ಟಿಯಾಗಿ ತೋರಿದರೂ ಒಳಗೆ ಇನ್ನೂ ಹಸಿಯಾಗಿರುವುದು. ಆಗಲೇ ನೀರು ಬಿಟ್ಟರೆ ಅದು ಮೆತ್ತನೆಯ ಸಿಮೆಂಟಿನಲ್ಲಿ ಕೂದಲೆಳೆಯಷ್ಟು ದಾರಿಯನ್ನು ಮಾಡಿಕೊಳ್ಳಬಹುದು. ಆ ದಾರಿಯು ಆಮೇಲೆ ತಾನಾಗಿ ಮುಚ್ಚದು. ಡಬ್ಬಿಯ ಮೇಲೆ ಬರೆದಿರುವ ಅವಧಿಯನ್ನು ಪಾಲಿಸಬೇಕು. ಮನೆಯ ಸಣ್ಣ ಕೊಳವೆಗಳಿಗೆ ಒಂದು ಹಗಲು ಒಂದು ರಾತ್ರಿ ಬಿಡುವುದು ಕ್ಷೇಮ. ಚಳಿಯಲ್ಲಿಯೂ ಮಳೆಯಲ್ಲಿಯೂ ಇನ್ನೂ ಹೆಚ್ಚು ಹೊತ್ತು ಬೇಕು. ಆ ಬಳಿಕ ನೀರು ತುಂಬಿಸಿ, ಪ್ರತಿಯೊಂದು ಕೂಡಿಕೆಯನ್ನೂ ಕಣ್ಣಾರೆ ನೋಡಿ, ಅನಂತರವೇ ಗಾರೆಗೆ ಅಪ್ಪಣೆ ಕೊಡತಕ್ಕದ್ದು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯಿದೆ. ಒಂದು ದಿನದ ತಾಳ್ಮೆಯು ಗೋಡೆಯನ್ನು ಒಡೆಯುವ ಖರ್ಚಿಗಿಂತ ಎಷ್ಟೋ ಅಗ್ಗವೆಂಬುದನ್ನು ಗೃಹಸ್ಥರು ಮರೆಯದಿರಲಿ.