ಮಡಗಾಂವದ ಚಿನ್ನದ ಬಲಿಪೀಠ

ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳ ಮೇಲೆ ಹಾಯ್ದು, ಬೆಳಗಾವಿ-ಲೋಂಡಾಗಳನ್ನು ದಾಟಿ, ಕ್ಯಾಸಲ್‌ರಾಕಿನಿಂದ ಘಟ್ಟವಿಳಿದು ದೂಧಸಾಗರದ ಧಾರೆಯನ್ನು ಬಳಸಿ ಸಾಗುವ ರೈಲು ಮಾರ್ಗವು ಕಡೆಗೆ ಮಡಗಾಂವವನ್ನು ಮುಟ್ಟುತ್ತದೆ. ನಿಪ್ಪಾಣಿಯವರಿಗಾದರೋ ಸಂಕೇಶ್ವರ, ಗಡಹಿಂಗ್ಲಜ, ಆಜರೆಗಳ ಮೇಲಿಂದ ಅಂಬೋಲಿ ಘಟ್ಟದ ದಾರಿಯೇ ರೂಢಿ. ಈ ಎರಡು ದಾರಿಗಳಿಂದ ನಮ್ಮ ಸೀಮೆಯ ಜನ ಗೋವೆಗೆ ಹೋಗಿಬರುವದು ನಿತ್ಯದ ಮಾತಾದರೂ, ಹೋದವರು ಸಮುದ್ರವನ್ನು ಕಂಡು, ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವಿರುವ ಬೊಮ್ ಜೀಸಸ್ ಮಂದಿರಕ್ಕೆ ಕೈಮುಗಿದು, ಗೇರುಬೀಜದ ಗಂಟು ಕಟ್ಟಿಕೊಂಡು ಹಿಂದಿರುಗುವರೇ ಹೊರತು, ಮಡಗಾಂವದ ಪವಿತ್ರಾತ್ಮರ ಇಗರ್ಜಿಯ ಹೊಸ್ತಿಲನ್ನು ದಾಟಿದವರು ವಿರಳ.

ಈ ಸ್ಥಳದ ಪೂರ್ವವೃತ್ತಾಂತವು ಸುಖಕರವಾದುದಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರು ಇಲ್ಲಿಯ ದಾಮೋದರ ದೇವಾಲಯವನ್ನು ಕೆಡವಿ, ಆ ನೆಲದಲ್ಲಿಯೇ ಮೊದಲ ಇಗರ್ಜಿಯನ್ನು ಎತ್ತಿದರು. ದೇವರನ್ನು ಭಕ್ತರು ಜಾಂಬಾವಲಿಗೆ ಒಯ್ದರು, ಮಡಗಾಂವದವರು ಇಂದಿಗೂ ಅಲ್ಲಿಗೇ ಹೋಗಿ ಸೇವೆ ಸಲ್ಲಿಸುತ್ತಾರೆ. ಈಗ ನಾವು ಕಾಣುವ ಕಟ್ಟಡವು 1675ರದು. 1739ರಲ್ಲಿ ಇಚಲಕರಂಜಿಯ ವೆಂಕಟರಾವ ಘೋರ್ಪಡೆಯವರ ದಂಡು ಮಡಗಾಂವವನ್ನು ಹಿಡಿದುಕೊಂಡಿತ್ತೆಂಬುದನ್ನು ನೆನೆದರೆ, ಚಿಕ್ಕೋಡಿಯ ನೆರೆಯವರು ನಮಗಿಂತ ಮೊದಲೇ ಈ ಊರನ್ನು ನೋಡಿದ್ದರೆನ್ನಬಹುದು, ಪ್ರವಾಸಿಗಳಾಗಿ ಅಲ್ಲವೆಂಬುದು ಬೇರೆ ಮಾತು.

ಹೊರಗೆ ಸುಣ್ಣ ಬಳಿದ ಬಿಳಿಯ ಮುಖ, ಎರಡು ಗೋಪುರಗಳು, ಎದುರಿನ ಚೌಕದಲ್ಲಿ ಕೆತ್ತನೆಯ ಎತ್ತರದ ಶಿಲುಬೆ. ಇವಿಷ್ಟನ್ನು ನೋಡಿದವನಿಗೆ ಒಳಗಿನ ವೈಭವದ ಸುಳಿವು ಹತ್ತುವದಿಲ್ಲ. ಅಥಣಿಯ ಚಪ್ಪಲಿಯನ್ನು ಬಾಗಿಲಲ್ಲಿ ಬಿಡುವದೋ ಬೇಡವೋ ಎಂದು ನಮ್ಮ ಕಡೆಯವರು ತುಸು ತಡವರಿಸುವದುಂಟು; ಇಲ್ಲಿ ಬಿಡಬೇಕೆಂಬ ಕಟ್ಟಳೆಯಿಲ್ಲ, ಬಿಟ್ಟರೆ ಬೇಡವೆನ್ನುವವರೂ ಇಲ್ಲ. ಒಳಹೊಕ್ಕೊಡನೆ ಮೇಲೆ ಗಾರೆಗೆಲಸದ ಛಾವಣಿ, ಪಕ್ಕದಲ್ಲಿ ಪ್ರೇಷಿತರ ಮೂರ್ತಿಗಳನ್ನು ಕೆತ್ತಿದ ಚಿನ್ನಲೇಪದ ಪ್ರವಚನ ಪೀಠ, ಎದುರಿಗೆ ನೆಲದಿಂದ ಛಾವಣಿಯತ್ತ ಏರಿದ ಪ್ರಧಾನ ಬಲಿಪೀಠದ ಹಿಂದಣ ಭಿತ್ತಿ. ಈ ಪ್ರಧಾನ ಪೀಠದ ಶೈಲಿಯನ್ನು ರೊಕೊಕೊ ಎನ್ನುತ್ತಾರೆ. ಹದಿನಾಲ್ಕನೆಯ ಲೂಯಿ ದೊರೆಯು 1715ರಲ್ಲಿ ತೀರಿಕೊಂಡ ಬಳಿಕ, ಅವನ ಅರಮನೆಯ ಗಂಭೀರ ಆಡಂಬರದಿಂದ ಬೇಸತ್ತ ಪ್ಯಾರಿಸಿನ ಶ್ರೀಮಂತರ ದಿವಾನಖಾನೆಗಳಲ್ಲಿ ಬೆಳೆದು, ಬವೇರಿಯದ ಹಳ್ಳಿಗಾಡಿನ ಇಗರ್ಜಿಗಳಿಗೂ ಪೋರ್ತುಗಾಲಕ್ಕೂ ಹಬ್ಬಿ, ಅಲ್ಲಿಂದ ಹಡಗನ್ನೇರಿ ಗೋವೆಗೆ ಬಂದ ರುಚಿಯಿದು. ಕಟ್ಟಡಕ್ಕಿಂತ ಅಲಂಕಾರವು ಕಿರಿದಾದ ವಯಸ್ಸಿನದೆಂಬುದು ಇದರಿಂದ ತಿಳಿಯುತ್ತದೆ.

ಇದಕ್ಕೆ ಮುಂಚಿನ ಬರೋಕ್ ಶೈಲಿಯು ದಪ್ಪ ಕಂಬ, ಗಾಢ ನೆರಳು, ಪ್ರಬಲವಾದ ಚಲನೆಗಳಿಂದ ನೋಡುವವನನ್ನು ಬೆರಗುಗೊಳಿಸಲೆಳಸಿದರೆ, ರೊಕೊಕೊ ಹಗುರಾಗಿ, ಚಿಪ್ಪಿನ ಆಕೃತಿಗಳಲ್ಲಿ, ಬಾಗಿ ಮರುಬಾಗುವ ರೇಖೆಗಳಲ್ಲಿ, ಪಡವಲದ ಕುಡಿ ಚಪ್ಪರವನ್ನು ಹಬ್ಬಿದಂತೆ ಎಡಬಲಗಳ ಸಮತೆಯನ್ನು ಮರೆತು ಆಡುತ್ತದೆ. ಇಲ್ಲಿ ಕಲಿಯುವದು ಸುಲಭ, ಏಕೆಂದರೆ ಎರಡು ಪಾರ್ಶ್ವಗಳ ಪೀಠಗಳು ಬರೋಕ್ ಮಾದರಿಯವಾಗಿರುವುದರಿಂದ ಕಣ್ಣನ್ನು ಅತ್ತಿತ್ತ ಹೊರಳಿಸಿದರೆ ಸಾಕು. ಕಾಗವಾಡ ಸೀಮೆಯಿಂದ ಕೃಷ್ಣೆಯಾಚೆಗಿರುವ ಖಿದ್ರಾಪುರದ ಕೊಪ್ಪೇಶ್ವರನ ಸ್ವರ್ಗಮಂಟಪವನ್ನು ನೋಡಿ ಬೆಳೆದವರಿಗೆ ಇಷ್ಟು ಕೆತ್ತನೆಯೇನೂ ಹೊಸದಲ್ಲ. ಆದರೆ ಅಲ್ಲಿ ಶಿಲ್ಪವೇ ಕಟ್ಟಡವನ್ನು ಹೊತ್ತಿದೆ, ಇಲ್ಲಿ ಅದು ಗೋಡೆಗೆ ತೊಡಿಸಿದ ಆಭರಣ. ನನಗಂತೂ ಖಿದ್ರಾಪುರವೇ ಮಿಗಿಲು. ಅದಕ್ಕಾಗಿ ಇದನ್ನು ಕೀಳೆನ್ನಬೇಕಾದುದಿಲ್ಲ.

ಗೋವೆಯ ಇಂಥ ಕೆಲಸವನ್ನು ಮಾಡಿದ ಕೈಗಳೂ ಬಹುಮಟ್ಟಿಗೆ ಈ ನೆಲದವೇ. ಹಿಂದೂ ಶಿಲ್ಪಿಗಳು ಕ್ರೈಸ್ತ ಮೂರ್ತಿಗಳನ್ನು ಕೆತ್ತಕೂಡದೆಂದು ಹದಿನಾರನೆಯ ಶತಮಾನದಲ್ಲಿ ಧರ್ಮಾಧಿಕಾರಿಗಳು ನಿಷೇಧಿಸಿದ್ದರು. ನಿಷೇಧಿಸಬೇಕಾಯಿತೆಂಬುದರಿಂದಲೇ ಕೆತ್ತುತ್ತಿದ್ದವರಾರೆಂಬುದು ಸ್ಪಷ್ಟ. ಇನ್ನು ಸಂಪತ್ತಿನ ಮಾತು. ಐದನೆಯ ಜುವಾಂವ್ ದೊರೆಯ ಕಾಲದಲ್ಲಿ (1706–1750) ಬ್ರೆಜಿಲಿನ ಗಣಿಗಳ ಚಿನ್ನವು ಲಿಸ್ಬನ್ನಿಗೆ ಹರಿದುಬಂದು, ಪೋರ್ತುಗಾಲದ ಇಗರ್ಜಿಗಳ ಕಟ್ಟಿಗೆಯೆಲ್ಲ ಹೊನ್ನಾಯಿತು. ಅದೇ ಸಮುದ್ರಮಾರ್ಗದಲ್ಲಿ ಅದೇ ಜನ ಹೊಗೆಸೊಪ್ಪನ್ನೂ ಮೆಣಸಿನಕಾಯಿಯನ್ನೂ ನಮ್ಮ ದೇಶಕ್ಕೆ ತಂದರು. ನಿಪ್ಪಾಣಿಯ ತಂಬಾಕಿನ ವಖಾರಿಗಳೂ ಸಂಕೇಶ್ವರದ ಮೆಣಸಿನಕಾಯಿಯೂ ಈ ಹೊನ್ನಿನ ದೂರದ ದಾಯಾದಿಗಳೆಂದರೆ ಅತಿಶಯೋಕ್ತಿಯಾಗದು.

ಬೆಳಗಿನ ಬಲಿಪೂಜೆ ಮುಗಿದು ಜನ ಕರಗಿದ ಮೇಲೆ, ಪೂಜೆಯ ಸ್ಥಳದ ಮರ್ಯಾದೆಯನ್ನು ಮೀರದೆ, ಇಂಥ ಚಿನ್ನಲೇಪದ ಕೆಲಸವನ್ನು ಸಮೀಪದಿಂದ ನೋಡಬೇಕು. ಕೆತ್ತಿದ ಮರದ ಮೇಲೆ ಸೀಮೆಸುಣ್ಣ ಮತ್ತು ಸರೇಸಿನ ಲೇಪವನ್ನು ಪದರುಪದರಾಗಿ ಕೊಟ್ಟು ಉಜ್ಜಿ, ಅದರ ಮೇಲೆ ನುಣುಪಾದ ಕೆಮ್ಮಣ್ಣನ್ನು ಸವರಿ, ಉಸಿರಿಗೂ ಹಾರುವ ಚಿನ್ನದ ರೇಕನ್ನು ಹಾಸಿ, ನಯವಾದ ಕಲ್ಲಿನಿಂದ ತಿಕ್ಕಿ ಹೊಳಪೇರಿಸುವದು ಇದರ ಸಂಪ್ರದಾಯದ ಕ್ರಮ. ಆದ್ದರಿಂದ ಹಳೆಯ ರೇಕು ಸವೆದ ಅಂಚುಗಳಲ್ಲಿ ಕೆಳಗಿನ ಕೆಂಪು ಇಣುಕುತ್ತದೆ. ಈಚೆಗೆ ಯಾರಾದರೂ ಜೀರ್ಣೋದ್ಧಾರದ ಉತ್ಸಾಹದಲ್ಲಿ ಡಬ್ಬಿಯ ಚಿನ್ನದ ಬಣ್ಣ ಬಳಿದಿದ್ದರೆ ಅದು ಕೆಲವೇ ವರುಷಗಳಲ್ಲಿ ಕಂದುತ್ತದೆ. ನಿಜವಾದ ರೇಕು ಕಂದುವದಿಲ್ಲ, ತೆಳುವಾಗುತ್ತದೆ ಅಷ್ಟೆ.